ನಿಮ್ಮ ಗುರಿ ಏನು, ಮಾವ?

ನಾನು ಮರದ ಕುರ್ಚಿ ಮಾಡಿ ಮಾರುವವನು. ಕುರ್ಚಿಯಲ್ಲಿ ಆಯ್ಕೆಯ ಗೋಜಲು ಕಡಿಮೆ. ಕೈ ಇರುವುದು, ಕೈ ಇಲ್ಲದ್ದು. ಬಂದವರು ಒಮ್ಮೆ ಕೂತು ನೋಡುತ್ತಾರೆ, ಹಿಡಿಸಿದರೆ ಒಯ್ಯುತ್ತಾರೆ. ಹೀಗೆ ತಣ್ಣಗೆ ಸಾಗಿದ್ದ ಬದುಕಿಗೆ ಕೇಡು ತಂದದ್ದು ಒಂದು ರಾತ್ರಿ ಮೊಬೈಲ್ ಪರದೆಯ ಮೇಲೆ ಫೇಸ್‌ಬುಕ್ ಮೂಡಿಸಿದ ಹೊಗಳಿಕೆ. ‘ನಿಮ್ಮ ಈ ಪೋಸ್ಟ್ ಉಳಿದ ಪೋಸ್ಟ್‌ಗಳಿಗಿಂತ ಚೆನ್ನಾಗಿ ಓಡುತ್ತಿದೆ. ಬೂಸ್ಟ್ ಮಾಡಿ, ಇನ್ನಷ್ಟು ಜನರನ್ನು ತಲುಪಿ.’ ಕೆಳಗೆ, ಕಾಸು ಕೊಟ್ಟು ಪೋಸ್ಟನ್ನು ಮುಂದೆ ತಳ್ಳಿಸಿಕೊಳ್ಳಲು ಒಂದು ನೀಲಿ ಗುಂಡಿ.

ನನ್ನನ್ನು ಯಾರಾದರೂ ಹೊಗಳಿ ಬಹಳ ವರ್ಷಗಳಾಗಿದ್ದವು. ಗುಂಡಿ ಒತ್ತಿಬಿಟ್ಟೆ. ಬೆಳಿಗ್ಗೆ ಎದ್ದು ಕಣ್ಣುಜ್ಜಿಕೊಂಡು ನೋಡಿದಾಗ ತಿಳಿಯಿತು, ಚೆನ್ನಾಗಿ ಓಡುತ್ತಿದ್ದ ಆ ಪೋಸ್ಟ್ ‘ನಾಳೆ ಅಂಗಡಿಗೆ ರಜೆ’ ಎಂಬುದಾಗಿತ್ತು. ನನಗೊಂದು ಅಂಗಡಿ ಇದೆ ಎಂಬುದೇ ಗೊತ್ತಿಲ್ಲದ ಸಾವಿರಾರು ಜನರಿಗೆ ಅದು ಮುಚ್ಚಿದೆ ಎಂಬ ಸುದ್ದಿಯನ್ನು ನಾನು ನನ್ನದೇ ಖರ್ಚಿನಲ್ಲಿ ಮೂರು ದಿನ ಮುಟ್ಟಿಸಲು ಒಪ್ಪಿಕೊಂಡಿದ್ದೆ. ಹಲವರು ಮೆಚ್ಚಿದ್ದರು. ಒಬ್ಬರು ಕೈಮುಗಿಯುವ ಚಿತ್ರ ಹಾಕಿದ್ದರು, ಬಹುಶಃ ಅಂಗಡಿ ತೀರಿಕೊಂಡಿತೆಂದು ತಿಳಿದು.

‘ಬೂಸ್ಟ್ ಮಾಡಿದಿರಾ?’ ಎಂದ ನನ್ನ ಸೋದರಳಿಯ, ಮಗು ಬೆಂಕಿ ಮುಟ್ಟಿತೆಂದು ಕೇಳಿದವನಂತೆ. ಅವನು ಡಿಜಿಟಲ್ ಮಾರ್ಕೆಟಿಂಗ್ ಓದಿದವನು. ‘ಬೂಸ್ಟ್ ಅಮಾಯಕರಿಗೆ, ಮಾವ. ತಿಳಿದವರು ಎಲ್ಲವನ್ನೂ ತಾವೇ ಆರಿಸಿ ಜಾಹೀರಾತು ಹಾಕುವ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಮಾಡುತ್ತಾರೆ.’

‘ಎರಡರಲ್ಲೂ ಹಣ ಹೋಗುವುದು ಒಂದೇ ಪೆಟ್ಟಿಗೆಗೆ ಅಲ್ಲವೇನೋ?’

‘ಒಂದೇ ಪೆಟ್ಟಿಗೆಗೆ. ಆದರೆ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ನೀವು ಯೋಚಿಸಿ ಕಳೆದುಕೊಳ್ಳುತ್ತೀರಿ.’

ಎರಡನೆಯ ವಾಕ್ಯ ಅವನು ಹೇಳಿದ್ದಲ್ಲ, ನನಗೆ ಕೇಳಿಸಿದ್ದು.

ಈ ಗುಂಡಿಯ ಹಿಂದೆ ಒಂದು ಸಣ್ಣ ಚರಿತ್ರೆ ಇದೆ. ಮೊದಲು ತಾಣಗಳು ವ್ಯಾಪಾರಿಗಳನ್ನು ಕರೆದು, ‘ಬನ್ನಿ, ಪುಕ್ಕಟೆಯಾಗಿ ಪೇಜ್ ತೆರೆಯಿರಿ, ನಿಮ್ಮವರನ್ನೆಲ್ಲ ಕರೆತನ್ನಿ’ ಎಂದವು. ನಾವು ಗಿರಾಕಿಗಳು, ನೆಂಟರು, ನೆಂಟರ ನೆಂಟರು ಎಲ್ಲರನ್ನೂ ಕಾಡಿ ಬೇಡಿ ‘ಲೈಕ್’ ಒತ್ತಿಸಿದೆವು. ಜನ ತುಂಬಿದ ಮೇಲೆ ಬಾಗಿಲಲ್ಲಿ ಒಬ್ಬ ವಸೂಲಿಗಾರ ಕೂತ. ಫೇಸ್‌ಬುಕ್‌ನಲ್ಲಿ ಕಾಸು ಕೊಟ್ಟು ಪೋಸ್ಟನ್ನು ಮುಂದೆ ತಳ್ಳುವ ವ್ಯವಸ್ಥೆ ಬಂದದ್ದು 2012ರಲ್ಲಿ. ಪೇಜ್‌ಗಳ ಪೋಸ್ಟ್‌ಗಳು ಪುಕ್ಕಟೆಯಾಗಿ ತಲುಪುವ ಪ್ರಮಾಣ ಇಳಿಯುತ್ತಿದೆ ಎಂದು ಕಂಪನಿಯೇ 2014ರಲ್ಲಿ ವಿವರಣೆ ಕೊಟ್ಟಿತು. ಪೋಸ್ಟ್‌ಗಳು ಹೆಚ್ಚಾಗಿವೆ, ಜಾಗ ಸಾಲದು ಎಂಬುದು ಕಾರಣ. ನಿಜವೇ ಇರಬಹುದು. ಕಾಸು ಕೊಟ್ಟವರಿಗೆ ಮಾತ್ರ ಜಾಗ ಹೇಗೆ ಸಾಲುತ್ತದೆ ಎಂದು ಕೇಳುವುದು ಸಭ್ಯತೆಯಲ್ಲ. ನಾವೇ ಕರೆತಂದ ನೆಂಟರ ಕಿವಿಗೆ ನಮ್ಮ ಮಾತು ಬೀಳಬೇಕಾದರೆ ನಾವೇ ಸುಂಕ ಕಟ್ಟಬೇಕು.

ಆ ಸುಂಕಕ್ಕೂ ಮೇಲುಸುಂಕ ಉಂಟು. ಐಫೋನಿನ ಆ್ಯಪ್ ಒಳಗಿಂದ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂ ಪೋಸ್ಟ್ ಬೂಸ್ಟ್ ಮಾಡುವವರಿಂದ ಆಪಲ್ ಕಂಪನಿಯ ಶೇ 30ರ ಸೇವಾಶುಲ್ಕ ವಸೂಲು ಮಾಡುವುದು 2024ರಲ್ಲಿ ಅಮೆರಿಕದಿಂದ ಶುರುವಾಯಿತು. ಅದೇ ಪೋಸ್ಟನ್ನು ಅದೇ ಮನುಷ್ಯ ಕಂಪ್ಯೂಟರ್ ಬ್ರೌಸರ್‌ನಲ್ಲಿ ಬೂಸ್ಟ್ ಮಾಡಿದರೆ ಆ ಶುಲ್ಕ ಇಲ್ಲ. ಸೋಫಾದಿಂದ ಎದ್ದು ಮೇಜಿನ ಬಳಿ ಹೋಗುವ ಶ್ರಮಕ್ಕೆ ಇಷ್ಟು ನಿಖರವಾದ ಬೆಲೆಯನ್ನು ಚರಿತ್ರೆಯಲ್ಲಿ ಬೇರಾರೂ ಕಟ್ಟಿರಲಾರರು. ಕುರ್ಚಿ ಮಾರುವವನಾಗಿ ನಾನು ಇದನ್ನು ಸ್ವಾಗತಿಸಬೇಕು.

ಇರಲಿ, ಅಳಿಯ ನನ್ನನ್ನು ಆ್ಯಡ್ಸ್ ಮ್ಯಾನೇಜರ್‌ಗೆ ಕರೆದೊಯ್ದ. ಅದು ಮೂರು ಅಂತಸ್ತಿನ ಕಟ್ಟಡ. ಮೇಲೆ ಗುರಿ ಆರಿಸುವ ಕ್ಯಾಂಪೇನ್, ನಡುವೆ ಯಾರಿಗೆ ತೋರಿಸಬೇಕೆಂದು ಹೇಳುವ ಆ್ಯಡ್ ಸೆಟ್, ಕೆಳಗೆ ಜನರ ಕಣ್ಣಿಗೆ ಬೀಳುವ ಆ್ಯಡ್. ಮೇಲಿನ ಅಂತಸ್ತಿನಲ್ಲೇ ಪ್ರಶ್ನೆ ಎದುರಾಯಿತು.

‘ನಿಮ್ಮ ಗುರಿ ಏನು, ಮಾವ?’

‘ಕುರ್ಚಿ ಮಾರುವುದು.’

‘ಹಾಗೆ ಒಮ್ಮೆಗೇ ಹೇಳಬಾರದು. ಆರರಲ್ಲಿ ಒಂದನ್ನು ಆರಿಸಿ.’

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಮೆಟಾ ಕಂಪನಿಯ ಪಟ್ಟಿಯಲ್ಲಿ ಗುರಿಗಳು ಆರು. ಅರಿವು ಮೂಡಿಸುವುದು, ಪುಟಕ್ಕೆ ಜನರನ್ನು ಕಳಿಸುವ ಟ್ರಾಫಿಕ್, ಎಂಗೇಜ್‌ಮೆಂಟ್, ಆಸಕ್ತರ ವಿಳಾಸ ಕಲೆಹಾಕುವ ಲೀಡ್ಸ್, ಆ್ಯಪ್ ಪ್ರಚಾರ, ಕಟ್ಟಕಡೆಗೆ ಮಾರಾಟ. ಅಂಗಡಿ ಇಟ್ಟವನಿಗೆ ಮಾರಾಟವೂ ಒಂದು ಗುರಿಯಾಗಿರಬಹುದು ಎಂಬ ಅನುಮಾನ ಆರನೆಯದಾಗಿಯಾದರೂ ಬಂತಲ್ಲ ಎಂದು ಸಮಾಧಾನಪಟ್ಟುಕೊಂಡೆ. ಎಂಗೇಜ್‌ಮೆಂಟ್ ಎಂದರೆ ನಾವು ನಿಶ್ಚಿತಾರ್ಥ ಎಂದುಕೊಂಡವರು. ಇಲ್ಲಿಯೂ ಹೆಚ್ಚುಕಡಿಮೆ ಅದೇ, ಮದುವೆ ಮಾತ್ರ ನಡೆಯುವುದಿಲ್ಲ. ಜನ ಬರುತ್ತಾರೆ, ಮೆಚ್ಚುತ್ತಾರೆ, ಹಾರೈಸುತ್ತಾರೆ, ಹೋಗುತ್ತಾರೆ.

ಯಂತ್ರವನ್ನು ದೂರುವಂತಿಲ್ಲ. ಅದು ಕೇಳಿದ್ದನ್ನು ಅಕ್ಷರಶಃ ಕೊಡುವ ದೇವತೆ. ಟ್ರಾಫಿಕ್ ಬೇಕೆಂದರೆ, ಕಂಡದ್ದನ್ನೆಲ್ಲ ಒತ್ತುವ ಚಟವಿರುವವರನ್ನು ಹುಡುಕಿ ತರುತ್ತದೆ. ಅವರು ಒತ್ತುತ್ತಾರೆ, ಪುಟ ತೆರೆಯುವುದರೊಳಗೆ ಇನ್ನೊಂದನ್ನು ಒತ್ತಲು ಹೋಗಿರುತ್ತಾರೆ. ಎಂಗೇಜ್‌ಮೆಂಟ್ ಬೇಕೆಂದರೆ, ಯಾರ ಯಾವ ಚಿತ್ರಕ್ಕೂ ಹೃದಯ ಅರ್ಪಿಸುವ ಉದಾರಿಗಳನ್ನು ಕರೆತರುತ್ತದೆ. ಕುಂಭಕರ್ಣ ಇಂದ್ರಾಸನ ಕೇಳಲು ಹೋಗಿ ನಾಲಗೆ ಹೊರಳಿ ನಿದ್ರಾಸನ ಎಂದನಂತೆ. ಅವನಿಗೂ ಡ್ರಾಪ್‌ಡೌನ್ ಪಟ್ಟಿಯಲ್ಲಿ ಬೆರಳು ಜಾರಿರಬೇಕು.

ಮಾರಾಟವನ್ನೇ ಆರಿಸಿದೆ. ಆಗ ಎದುರಾದದ್ದು ಹರಾಜು. ಜಾಹೀರಾತಿಗೆ ಇಲ್ಲಿ ನಿಗದಿತ ದರವಿಲ್ಲ. ಯಾರದೋ ಹೆಬ್ಬೆರಳು ಪರದೆಯನ್ನು ಮೇಲೆ ತಳ್ಳುವ ಆ ಕ್ಷಣಾರ್ಧದಲ್ಲಿ ಹರಾಜು ಮುಗಿದಿರುತ್ತದೆ. ಹೆಚ್ಚು ಕೂಗಿದವನೇ ಗೆಲ್ಲುತ್ತಾನೆ ಎಂದೂ ಇಲ್ಲ. ಕೂಗಿದ ಬೆಲೆಯ ಜೊತೆಗೆ ಈ ಮನುಷ್ಯ ಒತ್ತುವ ಸಂಭವ ಎಷ್ಟು, ಜಾಹೀರಾತಿನ ಗುಣಮಟ್ಟ ಹೇಗೆ ಎಂದು ಯಂತ್ರವೇ ಅಂದಾಜು ಮಾಡಿ ಸೇರಿಸುತ್ತದೆ. ‘ಎಷ್ಟು ಕೂಗಬೇಕೆಂದು ನಿಮಗೆ ತಿಳಿಯದಿದ್ದರೆ ನಾವೇ ನಿಮ್ಮ ಪರವಾಗಿ ಕೂಗುತ್ತೇವೆ’ ಎಂಬ ಸೌಕರ್ಯವೂ ಉಂಟು. ಅಂದರೆ ಮಾರುವವನೂ ಅವನೇ, ಹರಾಜು ನಡೆಸುವವನೂ ಅವನೇ, ನನ್ನ ಕೈ ಹಿಡಿದು ಮೇಲೆತ್ತುವವನೂ ಅವನೇ, ಕೊನೆಗೆ ನನಗೆ ಲಾಭವಾಯಿತೋ ಇಲ್ಲವೋ ಎಂದು ವರದಿ ಬರೆಯುವವನೂ ಅವನೇ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಕಟ್ಟಿದವರು ಪಾಪ, ಇಷ್ಟು ಅಚ್ಚುಕಟ್ಟಾದ ಈರಭದ್ರನನ್ನು ಕಂಡಿರಲಿಲ್ಲ.

ಹಣ ಕಟ್ಟಿದ ಮೇಲೆ ಯಂತ್ರ ‘ನಾನು ಕಲಿಯುತ್ತಿದ್ದೇನೆ’ ಎಂದು ಬೋರ್ಡು ಹಾಕಿಕೊಂಡಿತು. ಇದಕ್ಕೆ ಲರ್ನಿಂಗ್ ಫೇಸ್ ಎಂದು ಹೆಸರು. ಒಂದು ವಾರದಲ್ಲಿ ಸುಮಾರು 50 ಸಲ ನಾವು ಬಯಸಿದ ಫಲ ಸಿಕ್ಕರೆ ಅದರ ಕಲಿಕೆ ಪೂರ್ತಿಯಾಗುತ್ತದೆಯಂತೆ. ನಡುವೆ ನಾವು ದೊಡ್ಡದಾಗಿ ಏನನ್ನಾದರೂ ತಿದ್ದಿದರೆ ಮತ್ತೆ ಮೊದಲಿನಿಂದ ಓಂ ನಾಮ. ವಾರಕ್ಕೆ 50 ಕುರ್ಚಿ ಮಾರುವವನಾಗಿದ್ದರೆ ನಾನೇಕೆ ರಾತ್ರಿ ಹನ್ನೊಂದಕ್ಕೆ ಇಲ್ಲಿ ಕೂತಿರುತ್ತಿದ್ದೆ? ಮಾರಾಟವಾಗದೆ ಯಂತ್ರ ಕಲಿಯದು, ಯಂತ್ರ ಕಲಿಯದೆ ಮಾರಾಟವಾಗದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕಲಿಯುವವನು ಕಲಿಸುವವನಿಗೆ ದಕ್ಷಿಣೆ ಕೊಡುವುದು ಹಳೆಯ ರೂಢಿ. ಇಲ್ಲಿ ಶಿಷ್ಯ ಕಲಿಯುತ್ತಾನೆ, ದಕ್ಷಿಣೆ ಮಾತ್ರ ನನ್ನ ಖಾತೆಯಿಂದ ಹೋಗುತ್ತದೆ, ಅದೂ ಶಿಷ್ಯನಿಗೇ.

ಹತ್ತನೆಯ ದಿನ ವರದಿ ಬಂತು. ಒಂದು ಮಾರಾಟ! ಅಳಿಯ ಹಿಗ್ಗಿದ. ಕೊಂಡವರ ಹೆಸರು ನೋಡಿದರೆ ನನ್ನ ಭಾವಮೈದುನ. ಆರು ತಿಂಗಳಿಂದ ‘ಭಾವ, ನನಗೊಂದು ಕುರ್ಚಿ ಬೇಕು’ ಎಂದು ಗೋಳಾಡುತ್ತಿದ್ದವನು ಅಂತೂ ಆರ್ಡರ್ ಹಾಕಿದ್ದ. ಅದಕ್ಕೆ ಮೊದಲು ಅವನ ಪರದೆಯಲ್ಲಿ ನನ್ನ ಜಾಹೀರಾತು ಹಾದುಹೋಗಿತ್ತಂತೆ. ಅವನು ಅದನ್ನು ಒತ್ತಿರಲಿಲ್ಲ, ನೋಡಿದ ನೆನಪೂ ಇರಲಿಲ್ಲ. ಆದರೂ ಪುಣ್ಯ ಜಾಹೀರಾತಿನ ಖಾತೆಗೆ. ಒತ್ತಿದ 7 ದಿನದೊಳಗೆ ಅಥವಾ ಬರಿದೇ ಕಂಡ 1 ದಿನದೊಳಗೆ ಕೊಂಡರೆ ಅದು ಜಾಹೀರಾತಿನ ಫಲ ಎಂಬುದು ಈ ಲೋಕದಲ್ಲಿ ಚಾಲ್ತಿಯಲ್ಲಿರುವ ಲೆಕ್ಕ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ನಾವು ನಕ್ಕು ಸುಮ್ಮನಾಗುತ್ತೇವೆ. ಇಲ್ಲಿ ಕಾಗೆ ಬಿಲ್ಲು ಕಳಿಸುತ್ತದೆ.

ಲೆಕ್ಕದ ಮಾತು ಬಂದದ್ದರಿಂದ ಎರಡು ಹಳೆಯ ಸಂಗತಿ. 2016ರಲ್ಲಿ ಫೇಸ್‌ಬುಕ್, ಜನ ವಿಡಿಯೊ ಜಾಹೀರಾತು ನೋಡುವ ಸರಾಸರಿ ಸಮಯವನ್ನು ಸುಮಾರು ಎರಡು ವರ್ಷಗಳ ಕಾಲ ಹಿಗ್ಗಿಸಿ ತೋರಿಸುತ್ತ ಬಂದಿದ್ದಾಗಿ ಒಪ್ಪಿಕೊಂಡಿತು. 3 ಸೆಕೆಂಡಿಗೂ ಕಡಿಮೆ ನೋಡಿ ಓಡಿಹೋದವರನ್ನು ಸರಾಸರಿಯಿಂದಲೇ ಬಿಟ್ಟಿದ್ದರು. ಫೇಲಾದವರನ್ನು ಹೊರಗಿಟ್ಟು ತರಗತಿಯ ಸರಾಸರಿ ಅಂಕ ತೆಗೆದ ಹಾಗೆ. ಜಾಹೀರಾತುದಾರರು ಹೂಡಿದ ಮೊಕದ್ದಮೆ 2019ರಲ್ಲಿ 4 ಕೋಟಿ ಡಾಲರ್‌ಗೆ ರಾಜಿಯಾಯಿತು. ಇನ್ನೊಂದು 2017ರದು. ಅಮೆರಿಕದಲ್ಲಿ 18ರಿಂದ 24 ವಯಸ್ಸಿನ 4.1 ಕೋಟಿ ಜನರನ್ನು ತಲುಪಬಹುದೆಂದು ಫೇಸ್‌ಬುಕ್‌ನ ಜಾಹೀರಾತು ಸಾಧನ ಹೇಳುತ್ತಿತ್ತು. ಒಬ್ಬ ವಿಶ್ಲೇಷಕ ಜನಗಣತಿ ತೆಗೆದು ನೋಡಿದ. ಆ ವಯಸ್ಸಿನವರು ಆ ದೇಶದಲ್ಲಿ ಇದ್ದದ್ದೇ 3.1 ಕೋಟಿ. ನಮ್ಮ ಅಂದಾಜು ಜನಗಣತಿಗೆ ಹೊಂದಬೇಕೆಂದೇನೂ ಇಲ್ಲ ಎಂಬುದು ಕಂಪನಿಯ ಉತ್ತರವಾಗಿತ್ತು. ಹುಟ್ಟದೇ ಇರುವವರನ್ನೂ ತಲುಪುವ ಮಾಧ್ಯಮಕ್ಕೆ ದರ ಸ್ವಲ್ಪ ಹೆಚ್ಚಿದ್ದರೆ ತಪ್ಪೇನು?

ಬೇರೆ ತಾಣಗಳನ್ನೂ ಅಳಿಯ ತೋರಿಸಿದ. ಲಿಂಕ್ಡ್‌ಇನ್‌ನಲ್ಲಿ ಹುದ್ದೆ ನೋಡಿ ಜನರನ್ನು ಆರಿಸಬಹುದು. ಕುರ್ಚಿಗಾಗಿ ಹಂಬಲಿಸುವವರು ಅಲ್ಲಿ ಬಹಳ, ಆದರೆ ಅವರು ಬಯಸುವ ಕುರ್ಚಿ ನಾನು ಮಾಡುವಂಥದ್ದಲ್ಲ. ಯೂಟ್ಯೂಬ್‌ನಲ್ಲಿ 5 ಸೆಕೆಂಡಿನ ಮೇಲೆ ದಾಟಿಸಬಹುದಾದ ಜಾಹೀರಾತು ಇದೆ. ನೋಟಕ್ಕಿಷ್ಟು ಎಂಬ ಲೆಕ್ಕ ಹಿಡಿದರೆ, 30 ಸೆಕೆಂಡು ನೋಡುವ ಅಥವಾ ಒತ್ತುವ ಮೊದಲೇ ದಾಟಿಸಿದವರಿಗಾಗಿ ಹಣ ಕೊಡಬೇಕಿಲ್ಲ. ಇದೊಂದು ನ್ಯಾಯವಾಗಿ ಕಂಡಿತು. ನಾನು ಮೊಬೈಲ್ ಎದುರು ನಿಂತು ‘ನಮಸ್ಕಾರ, ನಾನು...’ ಎನ್ನುವಷ್ಟರಲ್ಲಿ 5 ಸೆಕೆಂಡು ಮುಗಿದಿತ್ತು.

ಇಷ್ಟೆಲ್ಲ ಅಂತಸ್ತು ಹತ್ತಿ ಇಳಿದು, ವಯಸ್ಸು, ಆಸಕ್ತಿ, ಜಾಗ ಎಲ್ಲವನ್ನೂ ಗುರುತು ಹಾಕುವ ವಿದ್ಯೆ ಕೈಗೆ ಹತ್ತುವ ಹೊತ್ತಿಗೆ ಅಳಿಯ ಬಂದು ಹೇಳಿದ, ‘ಮಾವ, ಈಗ ಅದೆಲ್ಲ ಹಳೆಯದು. ಅಡ್ವಾಂಟೇಜ್ ಪ್ಲಸ್ ಇದೆ. ನೀವೇನೂ ಆರಿಸಬೇಡಿ, ಯಂತ್ರಕ್ಕೆ ಬಿಟ್ಟುಬಿಡಿ.’ ನಾನು ಅವನ ಮುಖ ನೋಡಿದೆ. ಏನನ್ನೂ ಆರಿಸದೆ ಒಂದೇ ಗುಂಡಿ ಒತ್ತಿದ್ದಕ್ಕೆ ನನ್ನನ್ನು ಅಮಾಯಕ ಎಂದವನು ಇವನೇ. ಅವನ ತಪ್ಪಿಲ್ಲ. ಮೆಟಾ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ 2025ರ ಒಂದು ಸಂದರ್ಶನದಲ್ಲಿ ಭವಿಷ್ಯವನ್ನು ಬಿಡಿಸಿಟ್ಟಿದ್ದಾರೆ. ವ್ಯಾಪಾರಿ ತನ್ನ ಗುರಿ ಹೇಳಿ ಬ್ಯಾಂಕ್ ಖಾತೆ ಜೋಡಿಸಿದರೆ ಸಾಕು, ಚಿತ್ರ ಬೇಡ, ಯಾರಿಗೆ ತೋರಿಸಬೇಕೆಂಬ ಆಯ್ಕೆ ಬೇಡ, ಅಳತೆಯೂ ಬೇಡ, ಯಂತ್ರ ಕೊಡುವ ಫಲಿತಾಂಶವನ್ನು ಓದಲು ಬಂದರಾಯಿತು ಎಂಬುದು ಅದರ ಸಾರ. ಮುಂದೊಂದು ದಿನ ಕುರ್ಚಿಯೂ ಬೇಡವೆಂದಾರು. ಬ್ಯಾಂಕ್ ಖಾತೆ ಮಾತ್ರ ಬೇಡವೆನ್ನಲಾರರು.

ನಿನ್ನೆ ಮಧ್ಯಾಹ್ನ ಒಂದು ಕರೆ ಬಂತು, ಗುರುತಿಲ್ಲದ ಸಂಖ್ಯೆ.

‘ಸ್ವಾಮಿ, ನಿಮ್ಮ ಜಾಹೀರಾತು ನೋಡಿದೆ. ಅಂಗಡಿಗೆ ರಜೆ ಎಂದಿತ್ತು. ಈಗ ತೆರೆದಿದೆಯೇ?’

ಎದೆ ತುಂಬಿ ಬಂತು. ‘ತೆರೆದಿದೆ ಸ್ವಾಮಿ. ಕೈ ಇರುವ ಕುರ್ಚಿ ಬೇಕೋ, ಕೈ ಇಲ್ಲದ್ದೋ?’

‘ಕುರ್ಚಿ ಬೇಡ. ನಾನೂ ಒಂದು ಸಣ್ಣ ವ್ಯಾಪಾರ ಇಟ್ಟಿದ್ದೇನೆ. ನಿಮ್ಮದು ಇಷ್ಟು ದೂರ ನನಗೆ ಬಂದು ಮುಟ್ಟಿತಲ್ಲ, ಅದಕ್ಕೇ ಕೇಳೋಣವೆಂದು. ಬೂಸ್ಟ್ ಒಳ್ಳೆಯದೋ, ಆ್ಯಡ್ಸ್ ಮ್ಯಾನೇಜರೋ?’

ನಾನು ಗಂಟಲು ಸರಿಮಾಡಿಕೊಂಡೆ. ‘ನೋಡಿ,’ ಎಂದೆ, ‘ಮೊದಲು ನಿಮ್ಮ ಗುರಿ ಏನು ಹೇಳಿ.’