80 ಪರ್ಸೆಂಟ್ ಕೋವಿ

ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. ಒಂಟಿ ನಳಿಗೆಯದು. ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಬಿಎಲ್ ಅಂತ ಬರೆದಿದೆ. ಅಜ್ಜ ತಂದದ್ದು, ಅಪ್ಪನಿಗೆ ಬಂತು, ಈಗ ನನ್ನ ತಲೆಗೆ ಬಂದಿದೆ. ಅಡಿಕೆ ತೋಟಕ್ಕೆ ಮಂಗ ನುಗ್ಗಿದಾಗ ಆಕಾಶಕ್ಕೆ ಒಂದು ಈಡು ಹೊಡೆಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಚುನಾವಣೆ ಬಂತು ಅಂದರೆ ಆ ಕೆಲಸವೂ ಇಲ್ಲ. ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ನೀತಿ ಸಂಹಿತೆ ಮಂಗಗಳಿಗೆ ಅನ್ವಯಿಸುವುದಿಲ್ಲವಲ್ಲ, ಅಷ್ಟು ದಿನ ತೋಟ ಅವುಗಳದ್ದೇ. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಅಂತ ಲೆಕ್ಕ ಹಾಕಿದರೆ ಪೊಲೀಸರಿಗೂ ನಮ್ಮ ಕೋವಿಗೂ ನನಗಿಂತ ಜಾಸ್ತಿ ಸಲಿಗೆ.

ಇಂಥ ಹಿನ್ನೆಲೆಯ ನಾನು ಮಗನ ಮನೆಗೆ ಅಂತ ಟೆಕ್ಸಾಸಿಗೆ ಹೋದೆ. ಡಲ್ಲಾಸ್ ಹತ್ತಿರ. ಮಗ, ಸೊಸೆ ಕೆಲಸಕ್ಕೆ ಕೂತ ಮೇಲೆ ಊರಿಂದ ಹೋದ ಅಪ್ಪ ಅಮ್ಮಂದಿರಿಗೆ ಅಲ್ಲಿ ಎರಡೇ ಕೆಲಸ. ಒಂದು, ವಾಕಿಂಗ್. ಇನ್ನೊಂದು, ಪಾತ್ರೆ ತೊಳೆಯುವ ಮೆಷಿನ್ ಮೇಲೆ ನಂಬಿಕೆ ಸಾಲದೆ ಅದಕ್ಕೆ ಹಾಕುವ ಪಾತ್ರೆಗಳನ್ನು ಮೊದಲೇ ತೊಳೆದುಕೊಡುವುದು. ನಾನು ಮೂರನೆಯದೊಂದು ಹುಡುಕಿಕೊಂಡೆ. ಪಕ್ಕದ ಮನೆಯ ಗ್ಯಾರೇಜು.

ಕಾರು ಹೊರಗೆ ಬಿಸಿಲಿನಲ್ಲಿ ಒಣಗುತ್ತಿತ್ತು. ಒಳಗೆ ಎಸಿ ಹಾಕಿಸಿಕೊಂಡು ಕೋವಿಗಳು ಕೂತಿದ್ದವು. ಮನೆಯವರು ನಿವೃತ್ತರು, ಒಳ್ಳೆಯ ಮನುಷ್ಯ. ಮೊದಲ ದಿನವೇ ಕುರ್ಚಿ ಹಾಕಿ ಕೂರಿಸಿ, ‘ಹನ್ನೊಂದನೆಯದು ಕಟ್ಟುತ್ತಾ ಇದ್ದೇನೆ’ ಅಂದರು. ನಮ್ಮಲ್ಲಿ ಮನೆ ಕಟ್ಟುತ್ತಾರೆ, ಪಕ್ಷ ಕಟ್ಟುತ್ತಾರೆ, ಮಕ್ಕಳನ್ನು ಓದಿಸಲು ಹೊಟ್ಟೆ ಬಟ್ಟೆ ಕಟ್ಟುತ್ತಾರೆ. ಕೋವಿ ಕಟ್ಟುವುದನ್ನು ಅಲ್ಲೇ ಮೊದಲು ನೋಡಿದ್ದು.

ಉಳಿದ ಹತ್ತೂ ಗೋಡೆಯ ಮೇಲಿದ್ದವು. ‘ಎಲ್ಲ ಒಂದೇ ಥರ ಇವೆಯಲ್ವಾ?’ ಅಂತ ಕೇಳಿಬಿಟ್ಟೆ. ಹೆಂಡತಿಯ ಸೀರೆ ಬೀರುವಿನ ಮುಂದೆ ನಿಂತು ಹಿಂದೊಮ್ಮೆ ಇದೇ ತಪ್ಪು ಮಾಡಿದ್ದೆ. ಅವತ್ತು ಸಿಕ್ಕ ನೋಟವೇ ಇವತ್ತೂ ಸಿಕ್ಕಿತು.

ಒಂದೇ ಥರ ಇದ್ದದ್ದು ಸುಳ್ಳಲ್ಲ. ಹತ್ತೂ ಎಆರ್-15. 1950ರ ದಶಕದ ಕೊನೆಯಲ್ಲಿ ಆರ್ಮಲೈಟ್ ಎಂಬ ಕಂಪನಿಗಾಗಿ ಯೂಜೀನ್ ಸ್ಟೋನರ್ ಮಾಡಿದ ವಿನ್ಯಾಸ. ಎಆರ್ ಅಂದರೆ ಆರ್ಮಲೈಟ್ ರೈಫಲ್. ‘ಅಸಾಲ್ಟ್ ರೈಫಲ್’ ಅಂತ ಬಾಯಿತಪ್ಪಿ ಅಂದಿರೋ, ಅರ್ಧ ಗಂಟೆ ಪಾಠ ಗ್ಯಾರಂಟಿ. ಕೋವಿ ವ್ಯಾಪಾರಿಗಳ ಸಂಘ 2009ರಿಂದ ಅದನ್ನು ‘ಮಾಡರ್ನ್ ಸ್ಪೋರ್ಟಿಂಗ್ ರೈಫಲ್’ ಅನ್ನುತ್ತಿದೆ. ಆಧುನಿಕ ಕ್ರೀಡಾ ಕೋವಿ. ಕೇಳಿದರೆ ಬ್ಯಾಡ್ಮಿಂಟನ್ ಬ್ಯಾಟಿನ ಪಕ್ಕ ನೇತುಹಾಕಬಹುದು ಅನ್ನಿಸುತ್ತೆ.

ಇದರ ಚಂದವೇನೆಂದರೆ ಎಲ್ಲವನ್ನೂ ಬಿಚ್ಚಬಹುದು, ಬದಲಾಯಿಸಬಹುದು. ನಳಿಗೆ ಒಬ್ಬರದ್ದು, ಬೆರಳಲ್ಲಿ ಎಳೆಯುವ ಕುದುರೆ ಇನ್ನೊಬ್ಬರದ್ದು, ಭುಜಕ್ಕೆ ಒತ್ತಿಕೊಳ್ಳುವ ಬಟ್ ಮತ್ತೊಬ್ಬರದ್ದು. ಹಿಡಿ, ಬಟ್ಟುಗಳಿಗೆ ಅವರು ‘ಫರ್ನಿಚರ್’ ಅನ್ನುತ್ತಾರೆ. ನಳಿಗೆಯ ಸುತ್ತ ಹಲ್ಲುಹಲ್ಲಾದ ಒಂದು ಹಳಿ ಇರುತ್ತೆ. ಪಿಕಟಿನ್ನಿ ರೈಲ್. 1995ರಲ್ಲಿ ಸೈನ್ಯಕ್ಕೆ ಅಂತ ಅಳತೆ ಗೊತ್ತು ಮಾಡಿದ್ದು. ಈಗ ಅದು ಗಂಡಸರ ಚಪ್ಪರ. ಟಾರ್ಚು ಸಿಕ್ಕಿಸಬಹುದು, ಲೇಸರ್ ಸಿಕ್ಕಿಸಬಹುದು, ಗುರಿಯಿಡಲು ಕೆಂಪು ಚುಕ್ಕೆಯ ಕನ್ನಡಿ, ಅದರ ಹಿಂದೊಂದು ಭೂತಗನ್ನಡಿ, ಕೆಳಗೆ ಎರಡು ಕಾಲು. ನಮ್ಮ ಕೊಡಗಿನವರೂ ಕೋವಿಯನ್ನು ದೇವರೆಂದೇ ನೋಡುವವರು. ಕೈಲ್‌ಪೊಳ್ದ್ ಹಬ್ಬದ ದಿನ ನಳಿಗೆಯ ತುದಿಗೆ ಒಂದು ತೋಕ್‌ಪೂ ಸಿಕ್ಕಿಸುತ್ತಾರೆ. ಒಂದು ಹೂವು. ಅಷ್ಟೇ ಅಲಂಕಾರ. ಪಕ್ಕದ ಮನೆಯವರ ಕೋವಿಯೋ, ಆಯುಧ ಪೂಜೆಯ ದಿನ ಬಾಳೆಕಂದು ಕಟ್ಟಿಸಿಕೊಂಡು ಹೆಡ್‌ಲೈಟೇ ಕಾಣದ ಆಟೋ. ಪಾಪ ಸ್ಟೋನರ್, ಸೈನಿಕನಿಗೆ ಹೊರೆಯಾಗದಿರಲಿ ಅಂತ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬಳಸಿ ಹಗುರ ಮಾಡಿದ್ದ.

‘ಇದರಿಂದ ಏನು ಹೊಡೆಯುತ್ತೀರಿ?’ ಕೇಳಿದೆ.

‘ಕಾಗದ.’

ಹಾಗಂತ ಟೆಕ್ಸಾಸಿನಲ್ಲಿ ಹೊಡೆಯಲು ಬೇರೇನೂ ಇಲ್ಲ ಅಂತಲ್ಲ. ಕಾಡುಹಂದಿ ಕಾಟ ನಮಗಿಂತ ಜಾಸ್ತಿ, ಹೊಡೆಯಲು ನಮ್ಮಷ್ಟು ತಕರಾರೂ ಇಲ್ಲ. ಆದರೆ ಹಂದಿಯ ಹಿಂದೆ ಓಡಲು ಇವರಿಗೆ ಮಂಡಿನೋವು. ಕಾಗದ ಓಡುವುದಿಲ್ಲ. ಮತ್ತೆ, ಕಳ್ಳ ಬಂದರೆ ಬೇಕಲ್ವಾ ಅಂದರು. ಬೇಕು ನಿಜ. ಹತ್ತರಲ್ಲಿ ಯಾವುದು ಅಂತ ಇವರು ಆರಿಸಿ, ಟಾರ್ಚಿನ ಬ್ಯಾಟರಿ ನೋಡಿ, ಚುಕ್ಕೆಯ ಹೊಳಪು ಸರಿ ಮಾಡಿಕೊಳ್ಳುವಷ್ಟರಲ್ಲಿ ಕಳ್ಳ ಅಡುಗೆಮನೆಯಲ್ಲಿ ಕಾಫಿ ಮಾಡಿಕೊಂಡು ಕುಡಿದು ಲೋಟ ತೊಳೆದಿಟ್ಟು ಹೋಗಬಹುದು.

ನನಗೆ ನಿಜವಾಗಿ ತಲೆ ತಿರುಗಿದ್ದು ಕೋವಿ ನೋಡಿ ಅಲ್ಲ, ಅವರ ಕಾನೂನು ಜ್ಞಾನ ನೋಡಿ. ಅಲ್ಲಿ ಕೋವಿ ಕಟ್ಟಲು ಸ್ಪ್ಯಾನರ್ ಎಷ್ಟು ಮುಖ್ಯವೋ ಟೇಪು ಮತ್ತು ವಕೀಲ ಅಷ್ಟೇ ಮುಖ್ಯ.

ರೈಫಲ್ಲಿನ ನಳಿಗೆ 16 ಇಂಚು ಇದ್ದರೆ ನೀವು ಸಭ್ಯ ಗೃಹಸ್ಥರು. ಹದಿನೈದೂಮುಕ್ಕಾಲು ಇದ್ದು ನೋಂದಣಿ ಇಲ್ಲದಿದ್ದರೆ 10 ವರ್ಷದವರೆಗೂ ಜೈಲು. ಇದರ ಮೂಲ 1934ರ ಕಾಯ್ದೆ. ಗ್ಯಾಂಗ್‌ಸ್ಟರ್‌ಗಳ ಕಾಲ. ಬಚ್ಚಿಟ್ಟುಕೊಳ್ಳುವಂಥ ಪಿಸ್ತೂಲುಗಳನ್ನೇ ಹಿಡಿಯಬೇಕು ಅಂತ ಮಸೂದೆ ತಂದರು. ರೈಫಲ್ಲನ್ನು ಕತ್ತರಿಸಿ ಪಿಸ್ತೂಲು ಮಾಡಿಕೊಂಡಾರು ಅಂತ ಮೋಟು ನಳಿಗೆಯನ್ನೂ ಸೇರಿಸಿದರು. ಆಮೇಲೆ ಗಲಾಟೆಯಾಗಿ ಪಿಸ್ತೂಲನ್ನು ಮಸೂದೆಯಿಂದ ತೆಗೆದರು. ಮೋಟು ನಳಿಗೆ ಉಳಿಯಿತು. ಬಾಗಿಲು ಕಿತ್ತುಕೊಂಡು ಹೋಗಿದ್ದಾರೆ, ಬೀಗ ಮಾತ್ರ ಇನ್ನೂ ಚೌಕಟ್ಟಿನಲ್ಲಿ ನೇತಾಡುತ್ತಿದೆ. ಆ ಬೀಗಕ್ಕೆ 200 ಡಾಲರ್ ತೆರಿಗೆ. 1934ರಲ್ಲಿ ಅದು ದೊಡ್ಡ ಮೊತ್ತ. 90 ವರ್ಷ ಒಂದು ಸೆಂಟೂ ಏರಿಸಲಿಲ್ಲ. ಮೋಟು ರೈಫಲ್ಲಿಗೆ, ಸೈಲೆನ್ಸರಿಗೆ 2026ರ ಜನವರಿ 1ರಿಂದ ಆ ತೆರಿಗೆ ಸೊನ್ನೆ. ಆದರೆ ಅರ್ಜಿ, ಬೆರಳಚ್ಚು, ಫೋಟೋ ಎಲ್ಲ ಹಾಗೇ ಇದೆ. ಸೊನ್ನೆ ಡಾಲರ್ ತೆರಿಗೆ ಕಟ್ಟಲು ಅನುಮತಿ ಕೇಳಿ ಅರ್ಜಿ. ನಮ್ಮ ತಾಲ್ಲೂಕು ಕಚೇರಿಯವರಿಗೂ ಇದು ಹೊಳೆದಿಲ್ಲ.

ಕಾನೂನು ಚಾಪೆ ಹಾಸಿದರೆ ಇವರು ರಂಗೋಲಿ ಕೆಳಗೆ ತೂರುತ್ತಾರೆ. ನಳಿಗೆ ಮೋಟಾಗಿದ್ದು ಭುಜಕ್ಕೆ ಬಟ್ ಇಲ್ಲದಿದ್ದರೆ ಅದು ರೈಫಲ್ ಅಲ್ಲ, ಪಿಸ್ತೂಲು. 2012ರಲ್ಲಿ ಅಂಗವಿಕಲ ಮಾಜಿ ಸೈನಿಕರಿಗೆ ಒಂದೇ ಕೈಯಲ್ಲಿ ಗುರಿಯಿಡಲು ನೆರವಾಗಲಿ ಅಂತ ಮುಂಗೈಗೆ ಕಟ್ಟಿಕೊಳ್ಳುವ ಪಟ್ಟಿಯೊಂದು ಬಂತು. ಬ್ರೇಸ್. ಒಳ್ಳೆಯ ಉದ್ದೇಶವೇ. ನೋಡನೋಡುತ್ತ ಎರಡೂ ಕೈ ಗಟ್ಟಿಮುಟ್ಟಾಗಿರುವ ಲಕ್ಷಾಂತರ ಜನ ಕೊಂಡರು. ಮುಂಗೈಗೆ ಕಟ್ಟಲಿಲ್ಲ. ಭುಜಕ್ಕೆ ಒತ್ತಿಕೊಂಡರು.

ಈಗ ಇಲಾಖೆಯ ಸರದಿ. ಮದ್ಯ, ತಂಬಾಕು, ಕೋವಿ, ಸ್ಫೋಟಕ ನಾಲ್ಕನ್ನೂ ನೋಡಿಕೊಳ್ಳುವ ಎಟಿಎಫ್. 2015ರಲ್ಲಿ ಅದು ಹೇಳಿತು: ಬ್ರೇಸನ್ನು ಭುಜಕ್ಕೆ ತಾಗಿಸಿದರೆ ನೀವು ಕೋವಿಯನ್ನು ‘ಮರುವಿನ್ಯಾಸ’ ಮಾಡಿದ ಹಾಗೆ. ಅಂದರೆ ಕೈಯಲ್ಲಿದ್ದಾಗ ಪಿಸ್ತೂಲು, ಭುಜಕ್ಕೆ ಬಂದಾಗ ರೈಫಲ್, ಇಳಿಸಿದರೆ ಮತ್ತೆ ಪಿಸ್ತೂಲು. 2017ರಲ್ಲಿ ಆ ಮಾತು ಹಿಂದಕ್ಕೆ ಹೋಯಿತು. 2023ರಲ್ಲಿ ಹೊಸ ನಿಯಮ ಬಂದು ಬಹುಪಾಲು ಮತ್ತೆ ರೈಫಲ್ ಆದವು. 2024ರಲ್ಲಿ ಟೆಕ್ಸಾಸಿನ ಕೋರ್ಟೊಂದು ಆ ನಿಯಮವನ್ನೇ ಕಿತ್ತುಹಾಕಿತು. ಇಷ್ಟೆಲ್ಲ ಆಗುವಾಗ ಆ ಕೋವಿ ಗೋಡೆಯ ಮೇಲಿಂದ ಕದಲಿರಲಿಲ್ಲ. ನಮ್ಮ ಶಾಸಕರಾದರೂ ಪಕ್ಷ ಬದಲಿಸಲು ರೆಸಾರ್ಟಿನವರೆಗೆ ಬಸ್ಸಿನಲ್ಲಿ ಹೋಗುವ ಕಷ್ಟ ತೆಗೆದುಕೊಳ್ಳುತ್ತಾರೆ.

ಅದೇ ಪಿಸ್ತೂಲಿಗೆ ಮುಂದೆ ಇನ್ನೊಂದು ಹಿಡಿ ಹಾಕಬೇಕೆ? ಓರೆಯಾಗಿದ್ದರೆ ಹಾಕಿ. ನೆಟ್ಟಗಿದ್ದರೆ, ಕೋವಿಯ ಉದ್ದ 26 ಇಂಚಿಗಿಂತ ಕಡಿಮೆಯಿದ್ದರೆ, ಅದು ‘ಎನಿ ಅದರ್ ವೆಪನ್’. ನಮ್ಮ ಅರ್ಜಿಗಳ ಕೊನೆಯಲ್ಲಿ ಇರುತ್ತಲ್ಲ ‘ಇತರೆ’, ಅದು.

2004ರಲ್ಲಿ ಇದೇ ಇಲಾಖೆ ಪತ್ರ ಬರೆದು, ಎರಡೂ ತುದಿಗೆ ಕುಣಿಕೆ ಹಾಕಿದ 14 ಇಂಚಿನ ಶೂ ಲೇಸ್ ಒಂದನ್ನು ಮೆಷಿನ್ ಗನ್ ಅಂತ ಘೋಷಿಸಿತ್ತು. ಕೋವಿಗೆ ಒಂದು ರೀತಿ ಕಟ್ಟಿದರೆ ಅದು ಒಂದೇ ಸಮ ಹಾರುತ್ತಂತೆ, ಅದಕ್ಕೆ. 2007ರಲ್ಲಿ ತಿದ್ದುಪಡಿ: ದಾರ ಬರೀ ದಾರವಾಗಿದ್ದಾಗ ಮೆಷಿನ್ ಗನ್ ಅಲ್ಲ, ಕೋವಿಗೆ ಕಟ್ಟಿದಾಗ ಮಾತ್ರ. ನಡುವಿನ ಆ ಮೂರು ವರ್ಷ ನಮ್ಮ ಮನೆಯಲ್ಲೇ ಪೈಜಾಮದ ಲಾಡಿ ಏಳೆಂಟು ಇದ್ದವು. ದೇವರ ದಯೆ, ಯಾರೂ ಅಳತೆ ತೆಗೆಯಲು ಬರಲಿಲ್ಲ.

ಕ್ಯಾಲಿಫೋರ್ನಿಯಾದವರು ಇನ್ನೂ ಚುರುಕು. ಗುಂಡಿನ ಡಬ್ಬಿಯನ್ನು ಕೈಯಲ್ಲಿ ತಟ್ಟನೆ ಕಳಚುವಂತಿರಬಾರದು, ಉಪಕರಣ ಬಳಸಿ ಕಳಚುವಂತಿದ್ದರೆ ಸರಿ ಅಂತ ಅಲ್ಲಿ ನಿಯಮವಿತ್ತು. ಉಪಕರಣ ಅಂದರೇನು ಅಂತ ಹುಡುಕಿದರು. ಗುಂಡಿನ ಮೂತಿಯೂ ಉಪಕರಣವೇ ಅಂತ ಸಿಕ್ಕಿತು. ಗುಂಡಿನ ತುದಿಯಿಂದ ಚುಚ್ಚುವ ಗುಂಡಿಯೊಂದು ಬಂತು, ‘ಬುಲೆಟ್ ಬಟನ್’. ಗುಂಡಿಗೆ ಗುಂಡಿ. 2016ರಲ್ಲಿ ಕಾನೂನು ತಿದ್ದುವವರೆಗೆ ಕೋವಿಯ ರಕ್ಷಣೆಗೆ ಗುಂಡೇ ಕೀಲಿಕೈ.

ಇನ್ನು ತಲೆಬರಹದ ವಿಷಯ. ಪರ್ಸೆಂಟ್ ಅಂದ ತಕ್ಷಣ ನಮ್ಮವರಿಗೆ ಟೆಂಡರ್ ನೆನಪಾಗುತ್ತೆ. ಇದು ಅದಲ್ಲ. ಎಆರ್-15ರಲ್ಲಿ ‘ಲೋವರ್ ರಿಸೀವರ್’ ಅಂತ ಕೆಳಗಿನ ಒಂದು ತುಂಡಿದೆ. ಕುದುರೆ ಕೂರುವ ಜಾಗ. ಕಾನೂನಿನ ಕಣ್ಣಿಗೆ ಅದೊಂದೇ ಕೋವಿ. ನಂಬರ್ ಅದರ ಮೇಲೆ. ಅಂಗಡಿಯಲ್ಲಿ ಫಾರಂ ತುಂಬಿಸಿ, ಪೂರ್ವಾಪರ ವಿಚಾರಿಸಿ ಕೊಡುವುದು ಅದನ್ನು. ನಳಿಗೆ ಸಮೇತ ಮಿಕ್ಕಿದ್ದೆಲ್ಲ ಕೊರಿಯರಿನಲ್ಲಿ ಮಕ್ಕಳ ಡೈಪರ್ ಜೊತೆ ಮನೆ ಬಾಗಿಲಿಗೆ ಬರುತ್ತೆ. ಹಾಗಾದರೆ ಆ ತುಂಡನ್ನೇ ಪೂರ್ತಿ ಮಾಡದೆ ಮಾರಿದರೆ? ಒಂದೆರಡು ತೂತು ಕೊರೆಯದೆ ಬಿಟ್ಟರೆ? ಆಗ ಅದು ಕೋವಿಯಲ್ಲ, ಲೋಹದ ಉಂಡೆ. ಪೇಟೆಯಲ್ಲಿ ಅದರ ಹೆಸರು ‘80 ಪರ್ಸೆಂಟ್’. ನಂಬರಿಲ್ಲ, ವಿಚಾರಣೆಯಿಲ್ಲ. ಒಂದು ಕಂಪನಿಯಂತೂ ಎಲ್ಲ ಸಾಮಾನು ಒಂದೇ ಡಬ್ಬದಲ್ಲಿಟ್ಟು ‘ಬೈ ಬಿಲ್ಡ್ ಶೂಟ್’ ಅಂತಲೇ ಹೆಸರಿಟ್ಟಿತು. ಕೊಳ್ಳಿ, ಕಟ್ಟಿ, ಹೊಡೆಯಿರಿ. ಆದರೆ ಕೋವಿ ಅನ್ನಬೇಡಿ.

2017ರಲ್ಲಿ ಪೊಲೀಸರು ಎಲ್ಲಿಂದ ಬಂದದ್ದು ಅಂತ ಪತ್ತೆಗೆ ಎಟಿಎಫ್‌ಗೆ ಕಳಿಸಿದ ಇಂಥ ಅನಾಮಿಕ ಕೋವಿಗಳು ಸುಮಾರು 1,600. 2021ರಲ್ಲಿ 19,000ಕ್ಕೂ ಜಾಸ್ತಿ. 2022ರಲ್ಲಿ ಇಂಥ ಕಿಟ್ಟೂ ಕೋವಿಯೇ ಅನ್ನುವ ನಿಯಮ ಬಂತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಅಕ್ಟೋಬರಿನಲ್ಲಿ ವಾದ. ನ್ಯಾಯಮೂರ್ತಿ ಅಲಿಟೊ ಕೇಳಿದರು: ಮೊಟ್ಟೆ, ಹೆಚ್ಚಿದ ಹ್ಯಾಮ್, ಹೆಚ್ಚಿದ ಮೆಣಸು, ಈರುಳ್ಳಿ ಕಟ್ಟೆಯ ಮೇಲಿಟ್ಟರೆ ಅದು ಆಮ್ಲೆಟ್ ಆಗುತ್ತಾ? ನ್ಯಾಯಮೂರ್ತಿ ಬ್ಯಾರೆಟ್ ಕೇಳಿದರು: ಎಲ್ಲ ಸೇರಿಸಿ ಡಬ್ಬದಲ್ಲಿ ಕಳಿಸುವ ಅಡುಗೆ ಕಿಟ್ ಆದರೆ? ಅಷ್ಟು ದೊಡ್ಡ ದೇಶದ ಅಷ್ಟು ದೊಡ್ಡ ಕೋರ್ಟು ಆಮ್ಲೆಟ್ಟಿನ ಸ್ವರೂಪ ಚರ್ಚಿಸುತ್ತಿತ್ತು. ನಮ್ಮ ಮನೆಯ ಹೆಂಗಸರನ್ನು ಸಾಕ್ಷಿಗೆ ಕರೆದಿದ್ದರೆ ಒಂದೇ ಮಾತಲ್ಲಿ ಮುಗಿಸುತ್ತಿದ್ದರು. ರುಬ್ಬಿ, ಉಪ್ಪು ಹಾಕಿ, ಹುಳಿ ಬರಿಸಿ, ಕಾವಲಿ ಒಲೆ ಮೇಲಿಟ್ಟವಳು ‘ನಾನೇನು ದೋಸೆ ಮಾಡುತ್ತಿಲ್ಲ’ ಅಂದರೆ ಯಾರು ನಂಬುತ್ತಾರೆ?

2025ರ ಮಾರ್ಚಿನಲ್ಲಿ ತೀರ್ಪು ಬಂತು. ಏಳು ಜನ ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಇಂಥ ಕಿಟ್ಟನ್ನೂ ಕೋವಿ ಅಂತಲೇ ನಿಯಂತ್ರಿಸಬಹುದು. ತೀರ್ಪು ಬರೆದ ಗೋರ್ಸಚ್ ಕೊಟ್ಟ ಉದಾಹರಣೆಗಳಲ್ಲಿ ಒಂದು ಐಕಿಯಾ ಮೇಜು. ಗಂಟೆಗಟ್ಟಲೆ ಜೋಡಿಸುವುದು ಬಾಕಿಯಿದ್ದರೂ ಜನ ಮೇಜು ಕೊಂಡೆ ಅಂತಲೇ ಹೇಳುತ್ತಾರಲ್ಲ. ನಾಗಸಂದ್ರದ ಐಕಿಯಾದಿಂದ ಮೇಜು ತಂದವರಿಗೆ ಇದು ಕೋರ್ಟಿಲ್ಲದೆಯೂ ಗೊತ್ತಿತ್ತು.

ಒಂದು ದಿನ ಅವರು ಹಳೆಯ ಜಾಹೀರಾತುಗಳ ಮಾತೆತ್ತಿದರು. 2010ರ ಸುಮಾರಿಗೆ ಬುಷ್‌ಮಾಸ್ಟರ್ ಕಂಪನಿ ತನ್ನ ಎಆರ್ ಕೊಂಡವರಿಗೆ ‘ನಿಮ್ಮ ಮ್ಯಾನ್ ಕಾರ್ಡ್ ಮರುವಿತರಣೆಯಾಗಿದೆ’ ಅನ್ನುತ್ತಿತ್ತು. ಗಂಡಸು ಕಾರ್ಡು. ಬಿಪಿಎಲ್ ಕಾರ್ಡ್ ರದ್ದಾಗಿ ಮತ್ತೆ ಸಿಗುವುದು ನಮಗೆ ಗೊತ್ತು, ಇದು ಗೊತ್ತಿರಲಿಲ್ಲ. ಇಬ್ಬರೂ ನಕ್ಕೆವು. ರಾತ್ರಿ ಮಗನಿಗೆ ಹೇಳಿದೆ. ಅವನು ನಗಲಿಲ್ಲ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳನ್ನು, 6 ದೊಡ್ಡವರನ್ನು ಕೊಂದದ್ದು ಅದೇ ಕಂಪನಿಯ ರೈಫಲ್. ಆ ಜಾಹೀರಾತುಗಳನ್ನೇ ಹಿಡಿದು ಒಂಬತ್ತು ಕುಟುಂಬಗಳು ದಾವೆ ಹೂಡಿದವು. 2022ರಲ್ಲಿ ಮಾಲೀಕ ಕಂಪನಿ ರೆಮಿಂಗ್ಟನ್ನಿನ ವಿಮೆಯವರು 73 ದಶಲಕ್ಷ ಡಾಲರಿಗೆ ಒಪ್ಪಂದ ಮಾಡಿಕೊಂಡರು. ಅದೇ ವರ್ಷ ಇನ್ನೊಂದು ಕಂಪನಿ ಮಕ್ಕಳ ಅಳತೆಗೆ ತಕ್ಕ, ಹಗುರವಾದ ಜೆಆರ್-15 ತಂದಿತು. ಜೆಆರ್ ಅಂದರೆ ಜೂನಿಯರ್.

ಅಲ್ಲಿನ ಮನೆಗಳಲ್ಲಿ ಇರುವ ಕೋವಿಗಳು 2017ರ ಕೊನೆಯ ಅಂದಾಜಿನಂತೆ 39 ಕೋಟಿಗೂ ಮೇಲೆ. ತೊಟ್ಟಿಲ ಕೂಸನ್ನು ಸೇರಿಸಿ ಹಂಚಿದರೂ ಮಿಗುತ್ತವೆ. 2023ರಲ್ಲಿ ಗುಂಡಿಗೆ ಸತ್ತವರು 46 ಸಾವಿರಕ್ಕೂ ಜಾಸ್ತಿ. ಅರ್ಧಕ್ಕಿಂತ ಹೆಚ್ಚು ಜನ ತಮಗೆ ತಾವೇ ಹೊಡೆದುಕೊಂಡವರು. ಕಳ್ಳನಿಗೆ ಕಾದಿದ್ದ ಕೋವಿ. ಅವುಗಳ ನಳಿಗೆ 16 ಇಂಚಿತ್ತೇ, ಹಿಡಿ ಓರೆಯಾಗಿತ್ತೇ, ಯಾರೂ ಕೇಳಿದ ಹಾಗಿಲ್ಲ.

ಹೊರಡುವ ಹಿಂದಿನ ದಿನ ಹೇಳಿಹೋಗಲು ಗ್ಯಾರೇಜಿಗೆ ಹೋದೆ. ಹನ್ನೊಂದನೆಯದು ಮುಗಿದಿತ್ತು. ಮರಳಿನ ಬಣ್ಣ. ಹನ್ನೆರಡನೆಯದರ ಡಬ್ಬ ಬಂದು ಕೂತಿತ್ತು. ‘ನಿಮ್ಮ ಊರಿನ ಕೋವಿಗೆ ಏನೇನು ಮಾಡಿಸಿದ್ದೀರಿ?’ ಅಂತ ಕೇಳಿದರು.

ಮಾಡಿಸಿದ್ದು ಏನೂ ಇಲ್ಲ. ಒಮ್ಮೆ ಕಂಬಳಿ ಜಾರಿ ಕೋವಿ ಜಗಲಿಯಿಂದ ಬಿದ್ದು ಮರದ ಬಟ್ ಸೀಳಿತ್ತು. ಅಪ್ಪ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತಿದ್ದರು. ಅದನ್ನೇ ಹೇಳಿದೆ.

ಅವರ ಕಣ್ಣು ಅರಳಿತು. ರಬ್ಬರ್? ಜಾರುವುದಿಲ್ಲವಾ? ಒದೆತ ಕಡಿಮೆ ಆಗುತ್ತಾ? ಎಷ್ಟು ಸುತ್ತು? ಎಲ್ಲಕ್ಕೂ ತೋಚಿದ ಉತ್ತರ ಕೊಟ್ಟೆ. ಕೊನೆಗೆ ಟ್ಯೂಬಿನ ಕಂಪನಿ ಯಾವುದು ಅಂದರು. ಅದನ್ನೂ ಹೇಳಿದೆ.

ಸ್ಪೆಲಿಂಗ್ ಕೇಳಿ ಬರೆದುಕೊಂಡರು.