ಸೀಸದ ಬಣ್ಣ ತೆಗೆಸಲು ನೆರವಿದೆ, ಆದರೆ ಕೆಲಸ ಶುರುವಾಗುವ ಮುಂಚೆ ಕೇಳಬೇಕು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್, ವುಸ್ಟರ್ ಕಡೆ ಹಳೆಯ ಮನೆ ಕೊಳ್ಳುವ ನಮ್ಮವರು ಅಡುಗೆಮನೆ ಹೊಸದು ಮಾಡಿಸಲು ಎಷ್ಟಾದೀತು ಎಂದು ಮೊದಲೇ ಲೆಕ್ಕ ಹಾಕುತ್ತಾರೆ. ಕಿಟಕಿಗೆ ಬಳಿದ ಬಣ್ಣದಲ್ಲಿ ಸೀಸವಿದೆಯೇ ಎಂದು ಕೇಳುವವರು ಕಡಿಮೆ. ಇದರಲ್ಲಿ ಆಶ್ಚರ್ಯವೇನಿಲ್ಲ. ಭಾರತದಲ್ಲಿ ಬಣ್ಣದಲ್ಲಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ, ಅದೂ ಹೊಸ ಬಣ್ಣಕ್ಕೆ ಮಾತ್ರ.

ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು 1978ರಲ್ಲಿ ನಿಷೇಧಿಸಿದರು. ಅದಕ್ಕಿಂತ ಹಳೆಯ ಮನೆಯಲ್ಲಿ ಮೇಲೆ ಕೆಳಗೆ ಸರಿಯುವ ಮರದ ಕಿಟಕಿಗಳಿದ್ದರೆ, ತೆರೆದು ಮುಚ್ಚುವಾಗಲೆಲ್ಲ ಬಣ್ಣ ಉಜ್ಜಿಕೊಂಡು ಸಣ್ಣ ಧೂಳಾಗಿ ಉದುರುತ್ತದೆ. ಅಂಬೆಗಾಲಿಡುವ ಮಗುವಿನ ಕೈಗಂಟಿ ಬಾಯಿ ಸೇರುವುದು ಆ ಧೂಳೇ. ಆರು ವರ್ಷದೊಳಗಿನ ಮಗು ಅಂಥ ಮನೆಯಲ್ಲಿದ್ದರೆ, ಅದು ಬಾಡಿಗೆ ಮನೆಯಾದರೂ, ಸೀಸದ ಅಪಾಯವನ್ನು ನಿವಾರಿಸುವುದು ಮಾಲೀಕರ ಹೊಣೆ ಎನ್ನುತ್ತದೆ ಮ್ಯಾಸಚೂಸೆಟ್ಸ್ ಕಾನೂನು.

ಹೊಣೆ ಹೊರಿಸಿದ ರಾಜ್ಯವು ಸ್ವಲ್ಪ ಕೈಯನ್ನೂ ಚಾಚಿದೆ. ಸ್ವಂತ ಮನೆಯಲ್ಲೇ ವಾಸಿಸುವ, ಆದಾಯದ ಮಿತಿಯೊಳಗಿನ ಕುಟುಂಬಗಳಿಗೆ 'ಗೆಟ್ ದ ಲೆಡ್ ಔಟ್' ಯೋಜನೆಯಲ್ಲಿ ಬಡ್ಡಿಯಿಲ್ಲದ ಸಾಲ ಸಿಗುತ್ತದೆ. ಪೂರ್ತಿ ಸೀಸಮುಕ್ತಗೊಳಿಸಿದರೆ ಮನೆಯೊಂದಕ್ಕೆ 3,000 ಡಾಲರ್‌ವರೆಗೆ ರಾಜ್ಯದ ತೆರಿಗೆಯಲ್ಲಿ ಕಡಿತವಿದೆ. 2023ಕ್ಕೆ ಮುಂಚೆ ಇದು 1,500 ಇತ್ತು. ಕೇಂದ್ರದ ವಸತಿ ಇಲಾಖೆಯಾದ ಹಡ್ ಕೊಡುವ ಅನುದಾನ ನೇರವಾಗಿ ಮನೆಯವರ ಕೈಗೆ ಬರುವುದಿಲ್ಲ, ನಗರ ಅಥವಾ ರಾಜ್ಯದ ಮೂಲಕ ಬರುತ್ತದೆ. ಆದ್ದರಿಂದ ವಾಷಿಂಗ್ಟನ್‌ಗೆ ಬರೆಯುವ ಬದಲು ನಿಮ್ಮ ಊರಿನ ವಸತಿ ಕಚೇರಿಗೆ ಫೋನ್ ಮಾಡಿ. ಮಂಜೂರಾತಿಗೆ ಮುಂಚೆ ಕೆಲಸ ಮಾಡಿಸಿ, ಆಮೇಲೆ ಬಿಲ್ಲು ಹಿಡಿದು ಹೋದರೆ ಅನುದಾನ ಸಿಗುವುದು ಕಷ್ಟ. ಕಡಿಮೆ ಕೂಲಿಗೆ ಯಾರನ್ನೋ ಕರೆಸಿ ಒಣಬಣ್ಣವನ್ನು ಉಜ್ಜಿಸಿದರಂತೂ ಹಣದ ಜೊತೆಗೆ ಆರೋಗ್ಯವೂ ಹೋದೀತು, ಏಕೆಂದರೆ ಗೋಡೆಯ ಮೇಲೆ ಸುಮ್ಮನಿದ್ದ ಸೀಸ ಮನೆ ತುಂಬ ಹರಡುತ್ತದೆ. ಮೊದಲು ಲೈಸೆನ್ಸ್ ಇರುವ ಇನ್‌ಸ್ಪೆಕ್ಟರ್ ಬರಲಿ. ಅವರ ವರದಿ ನೋಡಿಕೊಂಡೇ ಮುಂದಿನ ಮಾತು.

ನನ್ನ ತಕರಾರು ಹಡ್ ಅನುದಾನದ ಷರತ್ತುಗಳ ಬಗ್ಗೆ. ಮಾಲೀಕರೇ ವಾಸಿಸುವ ಮನೆಗೆ ಅದು ಸಿಗಬೇಕಾದರೆ ಸಾಮಾನ್ಯವಾಗಿ ಆದಾಯ ಕಡಿಮೆಯಿರಬೇಕು, ಜೊತೆಗೆ ಸಣ್ಣ ಮಗುವೂ ಇರಬೇಕು. ಸೀಸ ಇರುವುದು ಗೋಡೆಯಲ್ಲಿ, ಎಣಿಸುವುದು ಮಕ್ಕಳನ್ನು! ಮನೆ ಕೊಂಡ ಕೂಡಲೇ, ಮಗು ಹುಟ್ಟುವುದಕ್ಕೆ ವರ್ಷಗಳ ಮುಂಚೆಯೇ ಶುದ್ಧಗೊಳಿಸಲು ಮುಂದಾಗುವ ದಂಪತಿಗೆ, ಅವರ ಸಂಬಳ ಎಷ್ಟೇ ಕಡಿಮೆಯಿರಲಿ, ಕಾಯಿರಿ ಎಂದು ಹೇಳಿದಂತೆ ಇದು. ಹಣ ಸೀಮಿತ, ಅಪಾಯ ಹತ್ತಿರವಿರುವಲ್ಲಿಗೆ ಮೊದಲು ಹೋಗಲಿ ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೂ ಮನೆ ಕೈಬದಲಾಗುವ ಹೊತ್ತಿನಲ್ಲಿ, ಕೋಣೆಗಳು ಖಾಲಿಯಿರುವಾಗಲೇ ಈ ಕೆಲಸಕ್ಕೆ ನೆರವು ಕೊಡುವುದು ಸುಲಭ, ಬಹುಶಃ ಅಗ್ಗವೂ ಹೌದು.