ಎಳೆಯೋದು ಬೇರೆ, ಹೊರೋದು ಬೇರೆ

ಶಿರಸಿ ಕಡೆ ಯಾರಾದರೂ ಪಿಕಪ್ ತಗೋತೀನಿ ಅಂದರೆ ಎದುರಿನವರು ಕೇಳುವ ಮೊದಲ ಪ್ರಶ್ನೆ ಒಂದೇ. "ಎಂತ ಹೇರ್ತೆ ಮಾರಾಯ?" ಅಡಿಕೆ ಚೀಲವಾ, ಬಾಳೆಗೊನೆಯಾ, ಬೆಟ್ಟದಿಂದ ದರಕು (ಒಣಗಿದ ಎಲೆ) ತರೋದಾ, ಚಿರೇಕಲ್ಲಾ? ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಟಾಟಾ ಏಸ್ ಸಾಕೋ, ಬೊಲೆರೋ ಪಿಕಪ್ಪೇ ಬೇಕೋ, ಅಶೋಕ್ ಲೇಲ್ಯಾಂಡ್ ದೋಸ್ತ್ ನೋಡೋದೋ ಅನ್ನುವ ಮಾತು. ಸೀಟು, ಬಣ್ಣ ಎಲ್ಲ ಆಮೇಲೆ. ಹಾಡಿನ ಸಿಸ್ಟಮ್ ಅಂತೂ ಕಂಪನಿ ಕೊಟ್ಟರೂ ಕೊಡದಿದ್ದರೂ ಡ್ರೈವರ್ ತನಗೆ ಬೇಕಾದ್ದನ್ನೇ ಹಾಕಿಸಿಕೊಳ್ಳುತ್ತಾನೆ.

ನಾನಿರುವ ಅಮೆರಿಕದ ಸ್ಯಾಕ್ರಮೆಂಟೋದಲ್ಲಿ ಈ ಪ್ರಶ್ನೆ ಯಾರೂ ಕೇಳಲಿಲ್ಲ. ಟ್ರಕ್ ತಗೋತಿದ್ದೀನಿ ಅಂದಾಗ ನಮ್ಮ ಕನ್ನಡದ ಗೆಳೆಯರು ಕೇಳಿದ್ದು ಲೆದರ್ ಸೀಟ್ ಇದೆಯಾ, ಸ್ಕ್ರೀನ್ ಎಷ್ಟು ದೊಡ್ಡದು, ಸನ್‌ರೂಫ್ ಬರುತ್ತಾ ಅಂತ. ಶೋರೂಮಿನ ಸೇಲ್ಸ್‌ಮನ್ನು ಇನ್ನೂ ಒಂದು ಹೆಜ್ಜೆ ಮುಂದೆ. ನಾನು ಬಾಯಿ ಬಿಡುವ ಮೊದಲೇ "ಇದು ಹನ್ನೊಂದು ಸಾವಿರ ಪೌಂಡ್ ಎಳೆಯುತ್ತೆ" ಅಂದ. ನನಗೆ ಎಳೆಯೋದು ಬೇಕಿರಲಿಲ್ಲ, ಹೊರೋದು ಬೇಕಿತ್ತು. ಎರಡೂ ಒಂದೇ ಅಂದುಕೊಂಡವರು ಈ ದೇಶದಲ್ಲಿ ಬಹಳ ಜನ ಇದ್ದಾರೆ, ಮಾರುವವರಲ್ಲೂ ಇದ್ದಾರೆ.

ನಾವು ಗಂಡ ಹೆಂಡತಿಗೆ ಬೇಕಾಗಿದ್ದು ಟ್ರಕ್ ಕ್ಯಾಂಪರ್. ಹಿಂದೆ ಕೊಂಡಿ ಹಾಕಿ ಎಳೆಯುವ ಟ್ರೈಲರ್ ಅಲ್ಲ, ಪಿಕಪ್ಪಿನ ಬಾಡಿಯೊಳಗೇ ಕೂರುವ ಪುಟ್ಟ ಮನೆ. ಹಾಸಿಗೆ ಡ್ರೈವರ್ ತಲೆಯ ಮೇಲಕ್ಕೆ ಬರುತ್ತದೆ. ಒಳಗೆ ಒಲೆ, ಫ್ರಿಜ್ಜು, ನೀರಿನ ಟ್ಯಾಂಕು, ಕೆಲವಕ್ಕೆ ಬಚ್ಚಲು ಕೂಡ. ನಾಲ್ಕು ಮೂಲೆಗೆ ನಾಲ್ಕು ಜಾಕು. ಬೇಡದಾಗ ಜಾಕಿನ ಮೇಲೆ ಎತ್ತಿ ಅಂಗಳದಲ್ಲಿ ನಿಲ್ಲಿಸಬಹುದು, ಬೇಕಾದಾಗ ಟ್ರಕ್ಕನ್ನು ರಿವರ್ಸ್ ಹಾಕಿ ಅದರಡಿಗೆ ತೂರಿಸಿ ಜಾಕು ಇಳಿಸಬೇಕು. ಅಷ್ಟೂ ಭಾರ ಟ್ರಕ್ಕಿನ ಬೆನ್ನ ಮೇಲೆಯೇ.

ಭಾರ ಎಷ್ಟು ಅಂತ ನೋಡೋಣ. ಮಧ್ಯಮ ಅಳತೆಯ ಗಟ್ಟಿ ಗೋಡೆಯ ಕ್ಯಾಂಪರ್‌ಗೆ ಕ್ಯಾಟಲಾಗಿನಲ್ಲಿ 2,500 ಪೌಂಡ್ ಅಂತ ಬರೆದಿರುತ್ತಾರೆ. ಅದು ಖಾಲಿ ತೂಕ, ಅದರಲ್ಲೂ ಎಸಿ, ಸೋಲಾರ್, ಹೆಚ್ಚಿನ ಬ್ಯಾಟರಿ ಏನೂ ಸೇರಿಸದ ತೂಕ. 30 ಗ್ಯಾಲನ್ ನೀರು ತುಂಬಿದರೆ 250 ಪೌಂಡ್ ಅಲ್ಲೇ ಏರಿತು. ಗ್ಯಾಸ್ ಸಿಲಿಂಡರು, ಬ್ಯಾಟರಿ, ಬಟ್ಟೆಬರೆ, ಅಕ್ಕಿ ಬೇಳೆ, ದೋಸೆ ಕಾವಲಿ, ಕುಕ್ಕರ್. ಕೊನೆಗೆ ರಸ್ತೆಗೆ ಇಳಿಯುವಾಗ 3,500 ಪೌಂಡ್ ಮುಟ್ಟುವುದು ಏನೂ ದೊಡ್ಡದಲ್ಲ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 16 ಕ್ವಿಂಟಲ್.

ಈಗ ಶೋರೂಮಿನ ಮುಂದೆ ಥಳಥಳ ಹೊಳೆಯುತ್ತ ನಿಂತ ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲ ಕಂಬದ ಮೇಲೆ ಒಂದು ಸಣ್ಣ ಸ್ಟಿಕ್ಕರ್ ಇರುತ್ತದೆ. ಬಿಳಿ ಮತ್ತು ಹಳದಿ, ಟೈರಿನ ಗಾಳಿಯ ಅಳತೆ ಬರೆದಿರುವಂಥದ್ದು. ಜನ ಮತ್ತು ಸಾಮಾನು ಸೇರಿ ಇಷ್ಟು ಕಿಲೋ, ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲೇ ಇದೆ. ಅದು ಆ ಒಂದೇ ಗಾಡಿಗೆ ಬರೆದ ಲೆಕ್ಕ, ಪಕ್ಕದ ಗಾಡಿಗೆ ಬೇರೆ ಇರುತ್ತದೆ. ನಾಲ್ಕು ಬಾಗಿಲು, ಸನ್‌ರೂಫ್, ಕರೆಂಟಿನಲ್ಲಿ ಹಿಂದೆ ಮುಂದೆ ಆಗುವ ಸೀಟು ಇರುವ ಸಾಮಾನ್ಯ ಪಿಕಪ್ಪಿನಲ್ಲಿ ನೀವು ನೋಡುವ ಅಂಕಿ 1,600 ಪೌಂಡ್ ಆಸುಪಾಸು. ಅಂದರೆ ಏಳು ಕ್ವಿಂಟಲ್ ಚಿಲ್ಲರೆ. ಟಾಟಾ ಏಸ್ ಗೋಲ್ಡ್ ಹೊರೋದು 750 ಕಿಲೋ. ಹೌದು, ನಾಲ್ಕುನೂರು ಹಾರ್ಸ್‌ಪವರಿನ ಈ ದೈತ್ಯ ಬೆನ್ನ ಮೇಲೆ ಹೊರೋದು ಶಿರಸಿ ಪೇಟೆಯಲ್ಲಿ ಓಡಾಡುವ ಏಸ್‌ನಷ್ಟೇ! ಬೊಲೆರೋ ಪಿಕಪ್ಪಿನ ದೊಡ್ಡ ಮಾಡೆಲ್ ಇದೆಯಲ್ಲ, 1.7 ಟನ್ನಿನದು, ಅದರ ಎಂಜಿನ್ 75ರ ಆಸುಪಾಸು ಹಾರ್ಸ್‌ಪವರ್ ಅಷ್ಟೇ, ಆದರೆ ಇವುಗಳ ಎರಡು ಪಟ್ಟು ಹೊರುತ್ತದೆ.

ಇದನ್ನು ಫೋನಿನಲ್ಲಿ ಹೇಳಿದಾಗ ಭಾವ ನಕ್ಕ. ಅವನಿಗೆ ತೋಟವೂ ಇದೆ, ಬೊಲೆರೋ ಪಿಕಪ್ಪೂ ಇದೆ, ಬಿಡುವಿದ್ದಾಗ ಕುಮಟಾಕ್ಕೆ ಬಾಡಿಗೆಯನ್ನೂ ಹೊಡೆಯುತ್ತಾನೆ. "ಹದಿನಾರು ಕ್ವಿಂಟಲ್ ಅಂದ್ರೆ ನಂದು ಒಂದು ಲೋಡು. ಅಷ್ಟಕ್ಕೆ ಎಂತಕ್ಕೆ ಅಷ್ಟು ದೊಡ್ಡ ಗಾಡಿ?" ನ್ಯಾಯವಾದ ಪ್ರಶ್ನೆಯೇ. ಆದರೆ ಅವನ ಲೋಡು ದೇವಿಮನೆ ಘಟ್ಟದಲ್ಲಿ 30ರಲ್ಲಿ ಹೋದರೂ ನಡೆಯುತ್ತದೆ. ನನ್ನದು ಹೆದ್ದಾರಿಯಲ್ಲಿ 100 ಕಿಲೋಮೀಟರ್ ವೇಗದಲ್ಲಿ, ಗೋಡೆಯಂಥ ಮುಖಕ್ಕೆ ಎದುರುಗಾಳಿ ತಗೊಂಡು ಹೋಗಬೇಕು. ಯೊಸೆಮಿಟಿ ಕಡೆಯ ಟಿಯೋಗಾ ಪಾಸ್ ಹತ್ತಿದರೆ 3,000 ಮೀಟರ್ ಮೇಲೆ. ಆ ಎತ್ತರದಲ್ಲಿ ಟರ್ಬೊ ಇಲ್ಲದ ಎಂಜಿನ್ನಿನ ಕಸುವು ಕಾಲುಭಾಗಕ್ಕೂ ಜಾಸ್ತಿ ಕಮ್ಮಿಯಾಗುತ್ತದೆ. ಅದಕ್ಕೇ ದೊಡ್ಡ ಎಂಜಿನ್. ಸುಮ್ನೆ ಶೋಕಿಗಲ್ಲ.

ಬೊಲೆರೋದ ಹಾಗೆ ಸಣ್ಣ ಮೈಯಲ್ಲಿ ಜಾಸ್ತಿ ಹೊರುವ ಗಾಡಿ ಅಲ್ಲಿ ಯಾಕೆ ಇಲ್ಲ ಅಂತಲೂ ಕೇಳಿದ. ಅದಕ್ಕೆ ಒಂದು ಕಾರಣ ಹಳೆಯ ಕೋಳಿ ಜಗಳ. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದ್ದಕ್ಕೆ ಸೇಡು ತೀರಿಸಲು 1964ರಲ್ಲಿ ಅಮೆರಿಕ ಹೊರಗಿನ ಲಘು ಟ್ರಕ್ಕುಗಳ ಮೇಲೆ 25 ಶೇಕಡಾ ಸುಂಕ ಹಾಕಿತು. ಕೋಳಿ ಮರೆತುಹೋಯಿತು, ಸುಂಕ ಉಳಿಯಿತು. ಜಗತ್ತೆಲ್ಲ ಓಡುವ ಟೊಯೊಟಾ ಹೈಲಕ್ಸ್ ಪಿಕಪ್ ಇಲ್ಲಿ ಸಿಗುವುದಿಲ್ಲ. ನಮ್ಮ ಮಹೀಂದ್ರಾ ಪಿಕಪ್ಪೂ 2010ರ ಸುಮಾರಿಗೆ ಬರುತ್ತದೆ ಬರುತ್ತದೆ ಅಂತ ಸುದ್ದಿಯಾಗಿ ಬರಲೇ ಇಲ್ಲ. ಬಂದಿದ್ದರೆ ನಾನೇ ಮೊದಲು ಹೋಗಿ ನೋಡುತ್ತಿದ್ದೆ.

ಹಾಗಾಗಿ ಉಳಿದದ್ದು ಕೆಲಸದ ಟ್ರಕ್ಕು. ಪ್ಲಂಬರ್, ಬೇಲಿ ಹಾಕುವವರು, ಕರೆಂಟ್ ಕಂಪನಿಯವರು ತಗೊಳ್ಳುವ ಅತ್ಯಂತ ಕೆಳಗಿನ ಮಾಡೆಲ್. ಫೋರ್ಡ್‌ನಲ್ಲಿ ಎಕ್ಸ್‌ಎಲ್, ರ‍್ಯಾಮ್‌ನಲ್ಲಿ ಟ್ರೇಡ್ಸ್‌ಮನ್, ಶೆವರ್ಲೆಯಲ್ಲಿ ಡಬ್ಲ್ಯುಟಿ, ಜಿಎಂಸಿಯಲ್ಲಿ ಪ್ರೋ. ನೆಲಕ್ಕೆ ಕಾರ್ಪೆಟ್ ಇಲ್ಲ, ರಬ್ಬರು. ಕೆಸರಾದರೆ ನೀರು ಹಾಕಿ ತೊಳೆಯಬಹುದು. ಸೀಟಿಗೆ ರೆಕ್ಸಿನ್. ಚಕ್ರ ಸಾದಾ ಉಕ್ಕಿನದು. ಕ್ಯಾಬಿನ್ನಿನಲ್ಲಿ ಒಂದೇ ಸಾಲು, ಹಿಂದೆ ಪೂರಾ ಎಂಟು ಅಡಿ ಬಾಡಿ. ಇಲ್ಲಿಯವರಿಗೆ ಹೇಳಿದರೆ ಅರ್ಥವಾಗದ ಒಂದು ವಿಷಯ ಊರಿನ ಡ್ರೈವರಿಗೆ ಥಟ್ಟನೆ ಅರ್ಥವಾಗುತ್ತದೆ: ಗಾಡಿಯ ಒಟ್ಟು ತೂಕದ ಮಿತಿ ಇಷ್ಟೇ ಅಂತ ಇರುವಾಗ ಗಾಡಿ ತಾನೇ ಭಾರ ಆದಷ್ಟೂ ಹೇರುವುದಕ್ಕೆ ಉಳಿಯುವುದು ಕಮ್ಮಿ. ಸನ್‌ರೂಫು, ಎರಡನೇ ಸಾಲು, ದೊಡ್ಡ ಚಕ್ರ, ಹತ್ತಲು ಪಕ್ಕದಲ್ಲಿ ಮೆಟ್ಟಿಲು ಎಲ್ಲವೂ ನಿಮ್ಮ ಲೋಡಿನಿಂದ ಕಳೆಯುತ್ತ ಹೋಗುತ್ತವೆ. ಜಾಸ್ತಿ ದುಡ್ಡು ಕೊಟ್ಟವನ ಗಾಡಿ ಕಮ್ಮಿ ಹೊರುತ್ತದೆ. ಇಂಥ ತಮಾಷೆ ಬೇರೆ ವ್ಯಾಪಾರದಲ್ಲಿ ನಾನು ಕಂಡಿಲ್ಲ.

ಡೀಸೆಲ್ಲೂ ಅಷ್ಟೆ. ಊರಿನ ಅಭ್ಯಾಸಕ್ಕೆ ಲೋಡ್ ಗಾಡಿ ಅಂದರೆ ಡೀಸೆಲ್ಲೇ. ಇಲ್ಲಿ ಡೀಸೆಲ್ ಎಂಜಿನ್‌ಗೆ ಸುಮಾರು ಹತ್ತು ಸಾವಿರ ಡಾಲರ್ ಜಾಸ್ತಿ, ಎಂಜಿನ್ ತಾನೇ ನೂರಾರು ಪೌಂಡ್ ಭಾರ, ಅದೂ ನಿಮ್ಮ ಲೋಡಿನಿಂದಲೇ ಕಳೆಯುತ್ತದೆ. ದಿನಾ ದೂರ ಎಳೆಯುವವರಿಗೆ ಸರಿ. ರಜೆಯಲ್ಲಿ ಮನೆ ಹೊತ್ತು ತಿರುಗುವವರಿಗೆ ಪೆಟ್ರೋಲಿನ ದೊಡ್ಡ ವಿ-8 ಸಾಕು, ಕುಡಿಯುವುದು ಜಾಸ್ತಿ ಅನ್ನುವುದನ್ನು ಒಪ್ಪಿಕೊಂಡೇ ತಗೊಳ್ಳಬೇಕು. ಮೈಲೇಜ್ ಎಷ್ಟು ಅಂತ ಕೇಳಿದರೆ ಸರ್ಕಾರದ ಸ್ಟಿಕ್ಕರ್ ಕೂಡ ಇರುವುದಿಲ್ಲ. ಒಟ್ಟು ತೂಕದ ಮಿತಿ 8,500 ಪೌಂಡ್ ದಾಟಿದ ಪಿಕಪ್‌ಗಳಿಗೆ ಆ ಲೇಬಲ್ ಬೇಕಾಗಿಲ್ಲ.

ಎಂಟು ಅಡಿ ಬಾಡಿಗೆ ನಾನು ಹಟ ಹಿಡಿದೆ. ಕ್ಯಾಂಪರಿನ ಪಕ್ಕದಲ್ಲಿ ಅದರ ಭಾರದ ಮಧ್ಯಬಿಂದು ಎಲ್ಲಿ ಅಂತ ಗುರುತು ಹಾಕಿರುತ್ತಾರೆ. ಅದು ಹಿಂದಿನ ಆ್ಯಕ್ಸಲ್ಲಿಗಿಂತ ಸ್ವಲ್ಪ ಮುಂದೆಯೇ ಬೀಳಬೇಕು. ಗಿಡ್ಡ ಬಾಡಿಯಲ್ಲಿ ದೊಡ್ಡ ಕ್ಯಾಂಪರ್ ಇಟ್ಟರೆ ಆ ಬಿಂದು ಆ್ಯಕ್ಸಲ್ಲಿನ ಹಿಂದಕ್ಕೆ ಹೋಗುತ್ತದೆ, ಮುಂದಿನ ಚಕ್ರ ನೆಲ ಬಿಟ್ಟ ಹಾಗೆ ಆಗಿ ಸ್ಟೇರಿಂಗ್ ಹಗುರಾಗುತ್ತದೆ. ಇದನ್ನು ಯಾರೂ ನನಗೆ ಪುಸ್ತಕದಿಂದ ಕಲಿಸಬೇಕಾಗಿರಲಿಲ್ಲ. ನಮ್ಮ ಮನೆ ಅಂಗಳದಲ್ಲಿ ಅಡಿಕೆ ಚೀಲ ಹೇರುವಾಗ ಮೊದಲ ಸಾಲನ್ನು ಕ್ಯಾಬಿನ್ನಿಗೆ ಒತ್ತಿ, ಚೀಲದ ಬಾಯಿ ಒಳಗೆ ಬರುವ ಹಾಗೆ ಇಟ್ಟು, ಅದರ ಮೇಲೆ ಕಾಲಿಟ್ಟು ಒಮ್ಮೆ ತುಳಿದು ನೋಡಿಯೇ ಎರಡನೇ ಸಾಲಿಗೆ ಹೋಗುತ್ತಿದ್ದರು. ಬಾಲಕ್ಕೆ ಭಾರ ಇಟ್ಟವನಿಗೆ ಬೈಗುಳ. ಘಟ್ಟದ ತಿರುವಿನಲ್ಲಿ ಸ್ಟೇರಿಂಗ್ ಮಾತು ಕೇಳದಿದ್ದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಹಾಗಂತ ಊರಿನ ದಾರಿಯೇ ಸರಿ ಅಂತ ನಾನು ಹೇಳುವುದಿಲ್ಲ. ಎಂತ ಹೇರ್ತೆ ಅಂತ ಕೇಳುವ ಜನ, ಎಷ್ಟು ಹೇರಬಹುದು ಅಂತ ಕೇಳುವುದೇ ಇಲ್ಲ. ಜಾಗ ಇದ್ದಷ್ಟೂ ಹೇರುವುದು. ಖಾಲಿ ಗಾಡಿ ಎಷ್ಟು, ಒಟ್ಟು ಎಷ್ಟು ಅಂತ ಗಾಡಿಯ ಮೈಮೇಲೆ ಪೇಂಟಿನಲ್ಲಿ ಬರೆದೇ ಇರುತ್ತದೆ. ಇಲ್ಲಿಯ ಹಾಗೆ ಬಾಗಿಲ ಸಂದಿಯಲ್ಲಿ ಅಡಗಿಸಿಟ್ಟಿಲ್ಲ, ದಾರಿಹೋಕರಿಗೂ ಕಾಣುತ್ತದೆ. ಆದರೆ ಮಾಲೀಕ ಮಾತ್ರ ಓದುವುದಿಲ್ಲ. ಹಿಂದೆ ಜಗ್ಗಿದರೆ ಗ್ಯಾರೇಜಿಗೆ ಹೋಗಿ ಇನ್ನೆರಡು ಸ್ಪ್ರಿಂಗ್ ಪ್ಲೇಟ್ ಹಾಕಿಸಿ ಬರುವುದು, ಈಗ ಎರಡೂವರೆ ಟನ್ ಆರಾಮ ಅನ್ನುವುದು. ಪ್ಲೇಟ್ ಹಾಕಿದರೆ ಗಾಡಿ ಜಗ್ಗುವುದು ನಿಂತಿತು ಅಷ್ಟೆ. ಬ್ರೇಕು ಅದೇ, ಆ್ಯಕ್ಸಲ್ಲು ಅದೇ, ಬೇರಿಂಗು ಅದೇ. 2019ರ ತಿದ್ದುಪಡಿಯ ಮೇಲೆ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಆ ದಂಡಕ್ಕೆ ಹೆದರುವಷ್ಟು ಜನ ದೇವಿಮನೆ ಇಳಿಜಾರಿಗೆ ಹೆದರುವುದಿಲ್ಲ, ಅದೇ ನನಗೆ ಬೇಜಾರು. ಹತ್ತಿದ ಗೇರಿನಲ್ಲೇ ಇಳಿ ಅನ್ನುವ ಬುದ್ಧಿಮಾತು ಎಲ್ಲರಿಗೂ ಬಾಯಿಪಾಠ, ಆದರೆ ತೂಕ ಕೇಳಿದರೆ ಮುಖ ಆ ಕಡೆ.

ಇಲ್ಲಿಯವರೂ ಏನು ಕಮ್ಮಿ ಇಲ್ಲ ಬಿಡಿ. ಪ್ಲೇಟಿನ ಬದಲು ಹಿಂದಿನ ಸ್ಪ್ರಿಂಗಿಗೆ ಆಸರೆಯಾಗಿ ರಬ್ಬರಿನ ಗಾಳಿಚೀಲ, ಅಂದರೆ ಏರ್‌ಬ್ಯಾಗ್ ಹಾಕಿಸುತ್ತಾರೆ. ಗಾಳಿ ತುಂಬಿದ ಕೂಡಲೇ ಹಿಂಬದಿ ಮೇಲೆದ್ದು ಗಾಡಿ ಸಮ ನಿಲ್ಲುತ್ತದೆ, ಏಳು ಕ್ವಿಂಟಲ್ಲಿನ ಗಾಡಿ ಹದಿನಾರಕ್ಕೆ ಪಾಸಾಯಿತು ಅಂತ ಖುಷಿ. ನಮ್ಮ ಯುಗಾದಿ ಊಟದಲ್ಲಿ ಒಬ್ಬರು ಹೀಗೇ ಮಾಡಿ ಅಂತ ನನಗೆ ಬಹಳ ಒತ್ತಾಯ ಮಾಡಿದರು. ಇರುವ ಗಾಡಿಯಲ್ಲೇ ಆಗುತ್ತೆ, ದುಡ್ಡು ಯಾಕೆ ಹಾಳು ಮಾಡ್ತೀರಿ ಅಂತ. ನಕ್ಕು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ತಗೊಳ್ಳುವ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಮೊದಲು ಕ್ಯಾಂಪರ್ ಯಾವುದು ಅಂತ ತೀರ್ಮಾನ ಮಾಡಿ, ಅದರ ತುಂಬಿದ ತೂಕ ಬರೆದುಕೊಳ್ಳಿ, ಆಮೇಲೆ ಟ್ರಕ್. ಉಲ್ಟಾ ಮಾಡಿದವರೆಲ್ಲ ಇರುವ ಟ್ರಕ್ಕಿಗೆ ಹೊಂದುವ ಕ್ಯಾಂಪರ್ ಹುಡುಕುತ್ತ ಕೂತಿದ್ದಾರೆ. ಒಟ್ಟು ಮಿತಿ 10,000 ಪೌಂಡ್ ದಾಟಿದ ಟ್ರಕ್ಕಿಗೆ ಆ ಹಳದಿ ಸ್ಟಿಕ್ಕರಿನ ಲೋಡ್ ಅಂಕಿ ಕಡ್ಡಾಯವಲ್ಲ, ಆದ್ದರಿಂದ ಇನ್ನೊಂದು ಸ್ಟಿಕ್ಕರಿನಲ್ಲಿರುವ ಒಟ್ಟು ಮಿತಿ ನೋಡಿ, ಟ್ಯಾಂಕ್ ತುಂಬಿಸಿ, ನೀವೂ ಹತ್ತಿ ಕೂತು ವೇ ಬ್ರಿಜ್ಜಿಗೆ ಹೋಗಿ ತೂಗಿ, ಕಳೆದರೆ ಉಳಿದದ್ದು ನಿಮ್ಮ ಲೋಡು. ಹೆದ್ದಾರಿ ಪಕ್ಕದ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಇರುತ್ತದೆ, ಮುಂದಿನ ಆ್ಯಕ್ಸಲ್ ಬೇರೆ ಹಿಂದಿನದು ಬೇರೆ ತೂಗಿ ಚೀಟಿ ಕೊಡುತ್ತಾರೆ. ಹಳೆ ಟ್ರಕ್ ನೋಡುವವರು ಓಡಿದ ಮೈಲಿಯ ಜೊತೆಗೆ ಎಂಜಿನ್ ಎಷ್ಟು ಗಂಟೆ ನಡೆದಿದೆ ಅನ್ನುವುದನ್ನೂ ನೋಡಿ. ಕಂಪನಿ ಗಾಡಿಗಳು ಎಸಿ ಹಾಕಿಕೊಂಡು ನಿಂತಲ್ಲೇ ಗಂಟೆಗಟ್ಟಲೆ ಓಡಿರುತ್ತವೆ.

ನಾನು ತಗೊಂಡದ್ದು ಇಲ್ಲಿಯವರು ಒಂದು ಟನ್ ಅನ್ನುವ ವರ್ಗದ್ದು (ಅದು ಹಳೆಯ ಹೆಸರು ಅಷ್ಟೆ, ಹೊರುವುದು ಜಾಸ್ತಿ), ಹಿಂದೆ ಪಕ್ಕಕ್ಕೊಂದೇ ಚಕ್ರ. ಜೋಡಿ ಚಕ್ರದ್ದು ಇನ್ನೂ ಜಾಸ್ತಿ ಹೊರುತ್ತದೆ, ಆದರೆ ಅಗಲ ಎಂಟು ಅಡಿ. ಅಂಗಡಿಯ ಪಾರ್ಕಿಂಗಿನಲ್ಲಿ ನಿಲ್ಲಿಸುವ ಜಂಜಾಟ ನನಗೆ ಬೇಡ. ತೂಗಿ ಕಳೆದಾಗ 4,000 ಪೌಂಡ್ ಮೇಲೆ ಉಳಿಯಿತು. ಬೆಲೆ 50,000 ಡಾಲರ್ ಆಸುಪಾಸು. ಇದೇ ಟ್ರಕ್ಕಿನ ಶೋಕಿ ಮಾಡೆಲ್ 80,000 ದಾಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪಿಕಪ್ ಅಂದರೆ ಕಮರ್ಷಿಯಲ್ ನಂಬರ್ ಪ್ಲೇಟು, ಮನೆಗೆ ತರಕಾರಿ ತಂದರೂ ಅದೇ. ವರ್ಷಕ್ಕೊಮ್ಮೆ ತೂಕದ ಮೇಲೆ ಶುಲ್ಕ ಬೇರೆ. ಭಾವನಿಗೆ ಇದು ಬಹಳ ಸಮಾಧಾನ ತಂದಿತು, ಅವನ ಹಳದಿ ಬೋರ್ಡಿಗೆ ಅಮೆರಿಕದಲ್ಲೂ ಜೊತೆ ಸಿಕ್ಕಿತು ಅಂತ.

ಬಣ್ಣ ಬಿಳಿ. ಶೋರೂಮಿನ ಹಿಂಬದಿಯಲ್ಲಿ ಕಂಟ್ರಾಕ್ಟರುಗಳಿಗೆ ಅಂತ ನಿಲ್ಲಿಸಿದ ಸಾಲಿನಲ್ಲಿ ಎಲ್ಲವೂ ಬಿಳಿಯೇ. ಬೇರೆ ಬೇಕಾದರೆ ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಕಾಯಿರಿ ಅಂದರು. ಗೆಳೆಯರಲ್ಲಿ ಇಬ್ಬರು ಪ್ಲಂಬಿಂಗ್ ಶುರು ಮಾಡಿದ್ರಾ ಅಂತ ಕೇಳಿದರು. ಹೌದು, ನಿಮ್ಮ ಮನೆ ನಲ್ಲಿ ಸೋರಿದರೆ ಹೇಳಿ ಅಂದಿದ್ದೇನೆ.